ಗಣಕದ ತೆರೆಯ ಮೇಲಿನ ‘ಕಡತ’: ಒಂದು ರೂಪಕದ ವಿಮರ್ಶೆ

ಗಣಕಯಂತ್ರದೊಳಗಿನ ದತ್ತಾಂಶಕ್ಕೆ ಕಣ್ಣಿಗೆ ಕಾಣುವ ಆಕಾರವಿಲ್ಲ. ಅದನ್ನು ಸುಗ್ರಾಹ್ಯವಾಗಿಸಲೆಂದು ಜೆರಾಕ್ಸ್ ಸಂಸ್ಥೆಯವರ ‘ಸ್ಟಾರ್’ ಗಣಕವು 1981ರಲ್ಲಿ ಕಚೇರಿಯ ಮೇಜು, ಕಾಗದ, ಫೋಲ್ಡರುಗಳ ಚಿತ್ರಗಳನ್ನು ತೆರೆಯ ಮೇಲೆ ತಂದಿತು. 1984ರ ಮ್ಯಾಕಿಂಟೋಷ್ ಅವನ್ನು ಜನಸಾಮಾನ್ಯರಿಗೆ ಮುಟ್ಟಿಸಿತು. ಮುಕ್ತ ತಂತ್ರಾಂಶಗಳ ಕನ್ನಡ ಅನುವಾದಕರು ಫೈಲಿಗೆ ‘ಕಡತ’ವೆಂದೂ ಫೋಲ್ಡರಿಗೆ ‘ಕಡತಕೋಶ’ವೆಂದೂ ಹೆಸರಿಟ್ಟರು. ಪದವೇನೋ ನಾಡಿನ ಹಳೆಯದು. ರೂಪಕವು ಹೊಂದುವುದೇ ಎಂಬುದು ಪ್ರಕೃತ ವಿಚಾರಣೀಯ.

ಕಡತವೆಂದರೆ ಮೂಲತಃ ಕಾಗದವಲ್ಲ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಅರಿವೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಮಡಿಚಿ, ಎರಡು ಕೊನೆಗಳಿಗೂ ಹಲಗೆ ಸೇರಿಸಿ, ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ವರ್ತಕರ ಲೆಕ್ಕಕ್ಕೆ ಇದಕ್ಕಿಂತ ಅನುಕೂಲವಾದುದು ಇನ್ನೇನು? ಈ ಒಂದು ಗುಣದಲ್ಲಿ ಹಳೆಯ ಕಡತವು ಗಣಕದ ಫೈಲಿಗೆ ಕಾಗದಕ್ಕಿಂತ ಸಮೀಪವಾಗಿದೆ. ತಿದ್ದಿದ ಪಾಠವನ್ನು ಅದೇ ಹೆಸರಿನಲ್ಲಿ ಉಳಿಸಿದರೆ ಮೊದಲಿನ ಪಾಠ ಸಾಮಾನ್ಯವಾಗಿ ಅಳಿದೇ ಹೋಗುತ್ತದೆ. ತೆರೆಯ ಮೇಲಿನ ಕಾಗದದ ಚಿತ್ರವು ಈ ಅಪಾಯವನ್ನು ಮರೆಸುತ್ತದೆ.

ಆದರೆ ಇಂದಿನವರ ಮನಸ್ಸಿನಲ್ಲಿರುವುದು ಆ ಕಡತವಲ್ಲ. ನಮ್ಮ ಕಚೇರಿಗಳಲ್ಲಿ ಕಡತವೆಂದರೆ ಅರ್ಜಿ, ಟಿಪ್ಪಣಿ, ಆದೇಶಗಳೆಲ್ಲ ಕೂಡಿದ, ದಾರ ಕಟ್ಟಿದ ಕಂತೆ. ತೆರೆಯ ಮೇಲಾದರೋ ಒಂಟಿ ಅರ್ಜಿಯೇ ಕಡತ! ಗುಮಾಸ್ತರು ಕಡತವೆನ್ನುವುದು ಇಲ್ಲಿ ಕಡತಕೋಶವಾಯಿತು. ಪರಿಚಿತ ವಸ್ತುವಿನ ಬಲದಿಂದ ಅಪರಿಚಿತವನ್ನು ತಿಳಿಸಬೇಕಾದ ಪದವೇ ಪರಿಚಯವನ್ನು ಕೆಡಿಸಿದೆ. ಓಲೆಗರಿಯ ‘ಕಟ್ಟು’ ಎಂಬ ಮಾತು ಫೋಲ್ಡರಿಗೆ ಸಾಲದೆ ಹೋಯಿತೇಕೋ ತಿಳಿಯದು.

ಇನ್ನೂ ದೊಡ್ಡ ತೊಡಕು ಚಿತ್ರದಲ್ಲಿಯೇ ಇದೆ. ಕಂತೆಯೊಳಗಿನ ಕಾಗದ ಒಂದೇ ಕಡೆ ಇರಬಲ್ಲದು. ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ವಿಂಗಡಿಸಿದರು. ಹೊಯ್ಸಳರನ್ನು ಕುರಿತು ಅಭ್ಯಸಿಸುವವನು ಹಲವು ಸಂಪುಟಗಳನ್ನು ತಿರುವಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಕಡೆ ಒಂದೇ ಓಲೆಕಟ್ಟಿನಲ್ಲಿ ಹಲವು ಕೃತಿಗಳಿರುವುದುಂಟು. ಆದುದರಿಂದಲೇ ಸೂಚೀಕಾರರು ಕಟ್ಟಿನ ಸಂಖ್ಯೆಯನ್ನು ಬೇರೆ, ಕೃತಿಯ ಹೆಸರನ್ನು ಬೇರೆ ನಮೂದಿಸುವರು. ಫೋಲ್ಡರಿನ ಚಿತ್ರವು ಸ್ಥಳವನ್ನು ಮಾತ್ರ ಕಲಿಸುತ್ತದೆ, ಸೂಚಿಯನ್ನಲ್ಲ. ಶಾಸನಗಳ ಛಾಯಾಚಿತ್ರಗಳನ್ನು ತಾಲ್ಲೂಕಿನ ಫೋಲ್ಡರಿನಲ್ಲೊಂದು, ರಾಜವಂಶದ ಫೋಲ್ಡರಿನಲ್ಲೊಂದು ಪ್ರತಿ ಮಾಡಿಡುವ ವಿದ್ಯಾರ್ಥಿ, ಓದನ್ನು ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆಯುತ್ತಾನೆ. ಮುಂದೆ ಪ್ರಬಂಧ ಬರೆಯುವಾಗ ಕೈಗೆ ಸಿಕ್ಕ ಪ್ರತಿಯೇ ಪ್ರಮಾಣವಾಗುತ್ತದೆ.