ನಡುವೆ ಒಂದು ‘ಆಫ್’ ಇರಲಿ

ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸ್ವಿಚ್ಚು ಕೊಳ್ಳುವುದೆಂದರೆ ನನಗೆ ಮಾವಿನಹಣ್ಣು ಆರಿಸಿದ ಹಾಗೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಟಕ್ಕೆನ್ನಿಸಿ ನೋಡಬೇಕು. ಎಂಟನೆಯದಕ್ಕೆ ಅಂಗಡಿಯವರ ತಾಳ್ಮೆ ಮುಗಿಯಿತು: “ಸಬ್ ಏಕೀಚ್ ಹೈ ಸಾಬ್!” ಅಲ್ಲ. ನನಗೆ ಬೇಕಾಗಿದ್ದದ್ದು ನಡುವೆ ಆಫ್ ಇರುವ, ಒಂಬತ್ತು ಕಾಲಿನದು.

ಮನೆಯಲ್ಲೊಂದು ಪುಟ್ಟ ಆಂಪ್ಲಿಫೈಯರ್, ಎರಡು 18650 ಸೆಲ್ಲು. ಸೀರೀಸ್‌ನಲ್ಲಿ ಕಟ್ಟಿದರೆ 7.4 ವೋಲ್ಟು, ದನಿ ಸೊಗಸು. ಆದರೆ ಅಗ್ಗಕ್ಕೆ ಸಿಗುವ ಟಿಪಿ4056 ಚಾರ್ಜರ್ ಬೋರ್ಡು 4.2 ವೋಲ್ಟಿನದು, ಒಂದು ಸೆಲ್ಲಿನ ಲೆಕ್ಕ. ಹಾಗಾಗಿ ಹಾಡುವಾಗ ಸೀರೀಸ್, ಉಣ್ಣುವಾಗ ಪ್ಯಾರಲಲ್; ಅತ್ತಿಂದಿತ್ತ ಬದಲಾಯಿಸುವುದೇ ಸ್ವಿಚ್ಚಿನ ಕೆಲಸ. ಸೆಲ್ಲೊಂದಕ್ಕೆ 2500 ಮಿಲಿಆಂಪ್ ಅವರ್ ಅಂತಿಟ್ಟುಕೊಂಡರೆ, ಹೇಗೆ ಕಟ್ಟಿದರೂ ಒಳಗಿರುವುದು ಅದೇ 18.5 ವಾಟ್ ಅವರ್. (ಟೆಸ್ಲಾದ ಸೈಬರ್‌ಟ್ರಕ್ಕೂ ಹಳೆಯ ಚಾರ್ಜಿಂಗ್ ಕೇಂದ್ರಕ್ಕೆ ಹೋದಾಗ 800 ವೋಲ್ಟಿನ ಬ್ಯಾಟರಿಯನ್ನು 400ರ ಎರಡು ಪಾಲು ಮಾಡಿಕೊಳ್ಳುತ್ತದೆ. ನಮ್ಮದು ಅದರ ಬಡ ಸೋದರ.)

ಅಪಾಯವಿರುವುದು ಬದಲಾಯಿಸುವ ಆ ಕ್ಷಣದಲ್ಲಿ. ಹಳೆಯ ಸಂಪರ್ಕ ಬಿಡುವ ಮೊದಲೇ ಹೊಸದನ್ನು ಹಿಡಿಯುವ ಸ್ವಿಚ್ಚಾದರೆ ಸೆಲ್ಲು ನೇರ ಶಾರ್ಟ್. ನಡುವಿನ ಆಫ್ ಅದಕ್ಕೇ. ಇನ್ನೊಂದು, ಸೆಲ್ಲುಗಳ ಮಟ್ಟ. ಒಂದು 4.15, ಇನ್ನೊಂದು 3.65 ವೋಲ್ಟು ಇರುವಾಗ ಸಮಾಂತರಕ್ಕೆ ತಂದಿರೋ, ಸೆಲ್ಲಿನೊಳಗಿನ ರೋಧ ತಲಾ 50 ಮಿಲಿಓಮ್ ಇದ್ದರೂ ತುಂಬಿದ್ದರಿಂದ ಬರಿದಾದದ್ದಕ್ಕೆ 5 ಆಂಪ್ ನುಗ್ಗುತ್ತದೆ. ಮೀಟರಿನಲ್ಲಿ 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಾನು ಬೇರೆಬೇರೆಯಾಗಿಯೇ ಚಾರ್ಜ್ ಮಾಡುತ್ತೇನೆ.

ಹತ್ತಿರದ ಮಟ್ಟದವಾದರೆ ಸಮಾಂತರವೇ ಅವನ್ನು ಸರಿದೂಗಿಸುತ್ತದೆ. ಅದರ ಸುಖವೂ ಅದೇ, ಮೋಸವೂ ಅದೇ. ಕೂಡು ಕುಟುಂಬದ ಸೋಮಾರಿಯಂತೆ ಸೊರಗಿದ ಸೆಲ್ಲು ಜೊತೆಗಾರನ ಮರೆಯಲ್ಲಿ ಉಂಡು ಕೂರುತ್ತದೆ. ಸೀರೀಸ್‌ನಲ್ಲಿ ಕೆಲಸಕ್ಕೆ ಹಚ್ಚಿದಾಗಲೇ ಬಣ್ಣ ಬಯಲು. ಆದ್ದರಿಂದ ಎರಡು ಸೆಲ್ಲಿಗೆ ಈ ಆಟ ಚೆಂದ. ನಾಲ್ಕಾದರೆ ಬ್ಯಾಲೆನ್ಸ್ ಚಾರ್ಜರ್ ತನ್ನಿ, ಜಾಣತನ ಬೇಡ.

ಎರಡು ಸೆಲ್ಲಿಗೆ ಆರು ಕಾಲು ಸಾಕಲ್ಲ, ಒಂಬತ್ತೇಕೆ? ಒಮ್ಮೆ ಚಾರ್ಜರ್ ಸಿಕ್ಕಿಸಿಕೊಂಡೇ ಸ್ವಿಚ್ಚು ಸೀರೀಸ್‌ಗೆ ತಿರುಗಿಸಿ, ಬೋರ್ಡಿನ ಹೊಗೆಯ ವಾಸನೆ ಮೂಗಿಗೆ ಬಡಿದ ಮೇಲೆ ಕಲಿತದ್ದು. ಉಳಿದ ಮೂರು ಕಾಲು ಚಾರ್ಜರಿನ ಕಾವಲಿಗೆ: ಪ್ಯಾರಲಲ್ ಬದಿಯಲ್ಲಿ ಮಾತ್ರ ಅದರ ತಂತಿ ಸೆಲ್ಲನ್ನು ಮುಟ್ಟುತ್ತದೆ.

ಹತ್ತನೆಯ ಸ್ವಿಚ್ಚು ಟಕ್, ಮೌನ, ಟಕ್ ಎಂದಿತು. ಅದನ್ನೇ ಕಟ್ಟಿಸಿಕೊಂಡೆ.