ಗ್ಲಾಸ್ಗೋ ಮಾಪಕದ ಪಾಠವಿಚಾರ

ಪಾಠಾಂತರವೆಂದೊಡನೆ ಓಲೆಗರಿಯ ಪ್ರತಿಗಳೂ ಲಿಪಿಕಾರರ ಪ್ರಮಾದಗಳೂ ವಿದ್ವಾಂಸರ ನೆನಪಿಗೆ ಬರುವುದು ಸಹಜ. ಆದರೆ ಒಂದು ಪುಟವನ್ನೂ ಮೀರದ ಬರಹವೊಂದು ನಲವತ್ತು ವರ್ಷಗಳ ಬಳಿಕ ತನ್ನ ಕರ್ತೃವಿನಿಂದಲೇ ಪರಿಷ್ಕಾರಹೊಂದಿದೆ. ಅದರ ಒಂದೊಂದು ಶಬ್ದದ ಅರ್ಥನಿರ್ಣಯದ ಮೇಲೆ ಮನುಷ್ಯರ ಜೀವ ನಿಂತಿದೆ. ತಲೆಗೆ ಪೆಟ್ಟು ಬಿದ್ದವರ, ಮಿದುಳಿನಲ್ಲಿ ರಕ್ತಸ್ರಾವವಾದವರ ಹಾಸಿಗೆಯ ಬಳಿ ಇರುವ, ಗ್ಲಾಸ್ಗೋ ಕೋಮಾ ಸ್ಕೇಲ್ ಎಂದು ಪ್ರಸಿದ್ಧವಾದ ಪ್ರಜ್ಞಾಮಾಪಕವೇ ಆ ಬರಹ. ಹಗಲಿರುಳೂ ಅದನ್ನು ತುಂಬುವವರು ಬಹುಮಟ್ಟಿಗೆ ದಾದಿಯರು. ವೈದ್ಯಶಾಸ್ತ್ರದ ವಿಷಯವಾದರೂ ಅದರ ಮುಖ್ಯ ತೊಡಕುಗಳು ಭಾಷೆಯವಾದುದರಿಂದ ಸಾಹಿತ್ಯಜ್ಞರೂ ಅದನ್ನು ಪರಿಶೀಲಿಸುವುದು ಅನುಚಿತವಲ್ಲ.

ಗ್ಲಾಸ್ಗೋ ನಗರದ ಶಸ್ತ್ರವೈದ್ಯರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಇವರು ೧೯೭೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಮರುವರ್ಷವೇ ಟೀಸ್‌ಡೇಲರು ದಾದಿಯರ ಪತ್ರಿಕೆಯೊಂದರಲ್ಲಿ ಇದರ ವಿವರಣೆಯನ್ನು ಬರೆದರೆಂಬುದು ಇದು ಯಾರ ಕೈಗೆ ಸೇರಬೇಕಾದ ಬರಹವೆಂಬುದನ್ನು ಸೂಚಿಸುತ್ತದೆ. ಅದಕ್ಕೆ ಮುಂಚೆ ಮಂಪರು, ಅರೆಮೂರ್ಛೆ, ಗಾಢಮೂರ್ಛೆ ಎಂಬಂಥ ಹೆಸರುಗಳು ಆಸ್ಪತ್ರೆಗಳಲ್ಲಿ ರೂಢಿಯಲ್ಲಿದ್ದುವು. ಒಬ್ಬರು ಮಂಪರೆಂದು ಬರೆದುದನ್ನು ಪಾಳಿ ಬದಲಾದ ಮೇಲೆ ಬಂದ ಇನ್ನೊಬ್ಬರು ಅರೆಮೂರ್ಛೆಯೆಂದು ಬರೆದರೆ, ರೋಗಿ ಕುಸಿದನೋ ಬರೆದವರ ನುಡಿಗಟ್ಟು ಬದಲಾಯಿತೋ ತಿಳಿಯುವಂತಿರಲಿಲ್ಲ. ಗ್ಲಾಸ್ಗೋದ ಗ್ರಂಥಕರ್ತರು ಸ್ಥಿತಿಗೆ ಹೆಸರಿಡುವುದನ್ನೇ ಬಿಟ್ಟರು. ಕಣ್ಣು ಯಾವುದಕ್ಕೆ ತೆರೆಯುತ್ತದೆ, ಬಾಯಿಂದ ಏನು ಬರುತ್ತದೆ, ಕೈಕಾಲು ಹೇಗೆ ಚಲಿಸುತ್ತದೆ, ಈ ಮೂರನ್ನು ಬೇರೆಬೇರೆಯಾಗಿ ಕಂಡಂತೆ ಬರೆಯಿರೆಂದರು. ನಿರ್ಣಯದ ಸ್ಥಾನದಲ್ಲಿ ವರ್ಣನೆಯನ್ನು ಇಟ್ಟುದೇ ಈ ಬರಹದ ನಿಜವಾದ ಹಿರಿಮೆ.

೨೦೧೪ರ ಪರಿಷ್ಕರಣವನ್ನು ಈ ದೃಷ್ಟಿಯಿಂದಲೇ ಓದಬೇಕು. ಹಿಂದಿನ ಪಾಠದಲ್ಲಿ ಕಣ್ಣು ‘ನೋವಿಗೆ’ ತೆರೆಯುತ್ತದೆ ಎಂದಿದ್ದುದು ‘ಒತ್ತಡಕ್ಕೆ’ ಎಂದಾಯಿತು. ‘ಮಾತಿಗೆ’ ಎಂದಿದ್ದುದು ‘ಶಬ್ದಕ್ಕೆ’ ಎಂದಾಯಿತು. ಉಗುರಿನ ಬುಡವನ್ನು ದಾದಿ ಒತ್ತಿದಳೆಂಬುದು ಕಣ್ಣಿಗೆ ಕಾಣುವ ಸಂಗತಿ. ಮೂರ್ಛಿತನಿಗೆ ನೋವಾಯಿತೆಂಬುದು ಊಹೆ. ಮಾತಿನ ವಿಭಾಗದ ಬದಲಾವಣೆ ಇದಕ್ಕಿಂತಲೂ ಸ್ವಾರಸ್ಯವಾದುದು. ಮೊದಲು ‘ಅಸಂಬದ್ಧವಾದ ಮಾತು’ ಎಂದಿದ್ದ ಮೆಟ್ಟಿಲಿನಿಂದ ವಿಶೇಷಣವನ್ನು ಕಳೆದು ಬರಿಯ ‘ಪದಗಳು’ ಎಂದಿರಿಸಿದರು. ಒಣಗಿದ ತುಟಿಯವನೊಬ್ಬ “ಅವ್ವಾ... ನೀರು” ಎಂದಷ್ಟೇ ನುಡಿದರೆ ಅದು ಅಸಂಬದ್ಧವೆ? ಬಾಯಾರಿದವನು ನೀರೆನ್ನುವುದಕ್ಕಿಂತ ಸಂಬದ್ಧವಾದ ಮಾತು ಮತ್ತಾವುದು? ವಾಕ್ಯವಾಗದ ಬಿಡಿಪದ ಬಂದಿತೆಂಬುದೊಂದೇ ಅಲ್ಲಿ ಬರೆಯತಕ್ಕ ವಿಷಯ. ವಿಶೇಷಣವನ್ನು ತೆಗೆದವರು ಒಳ್ಳೆಯ ಸಂಪಾದಕರು.

ಆದರೆ ಈ ಹಿರಿಮೆಗೆ ವಿರೋಧವಾದ ಅಭ್ಯಾಸವೊಂದು ಬೇರೂರಿದೆ. ಕಣ್ಣಿಗೆ ೪, ಮಾತಿಗೆ ೫, ಚಲನೆಗೆ ೬ ಮೆಟ್ಟಿಲುಗಳು. ಅಂಕಗಳನ್ನು ಕೂಡಿದರೆ ಮೊತ್ತ ೩ರಿಂದ ೧೫ರವರೆಗೆ. ಮೂರು ವಿಭಾಗಗಳು ಸೇರಿ ಆಗಬಲ್ಲ ವರ್ಣನೆಗಳು ೧೨೦. ಮೊತ್ತಗಳಾದರೋ ೧೩ ಮಾತ್ರ. ಕಣ್ಣು ತಾನಾಗಿ ತೆರೆದು, ಹೇಳಿದಂತೆ ಕೈಯೆತ್ತಿ, ಮಾತು ಮಾತ್ರ ಪೂರಾ ಬಿದ್ದುಹೋದವನಿಗೆ ೧೧. ಒತ್ತಿದರೆ ಮಾತ್ರ ಕಣ್ಣು ಬಿಟ್ಟು, ಗೊಂದಲದ ಮಾತಾಡಿ, ಒತ್ತಿದ ಕಡೆಗೆ ಕೈ ತರುವವನಿಗೂ ೧೧. ಮೊದಲನೆಯವನಿಗೆ ಮಿದುಳಿನ ಎಡಭಾಗದ ಆಘಾತದಿಂದ ವಾಕ್‌ಶಕ್ತಿ ಹೋಗಿರಬಹುದು, ಎಚ್ಚರ ಹೋಗಿಲ್ಲ. ಎರಡನೆಯವನ ಎಚ್ಚರವೇ ಕುಂದುತ್ತಿದೆ. ದೂರವಾಣಿಯಲ್ಲಿ “ಹನ್ನೊಂದು” ಎಂದು ಮಾತ್ರ ಕೇಳಿದ ವೈದ್ಯನಿಗೆ ಇವರಿಬ್ಬರೂ ಒಬ್ಬನೇ. ಕಾವ್ಯವೊಂದರ ವಸ್ತು, ಛಂದಸ್ಸು, ರಸಗಳಿಗೆ ಅಂಕವಿತ್ತು ಕೂಡುವ ವಿಮರ್ಶಕನನ್ನು ಯಾರೂ ಗಂಭೀರವಾಗಿ ಎಣಿಸರು. ಆಸ್ಪತ್ರೆಯಲ್ಲಿ ಅದು ನಿತ್ಯವಿಧಿಯಾಗಿದೆ.

ಕರ್ನಾಟಕದ ಆಸ್ಪತ್ರೆಗಳಲ್ಲಿ ಈ ತೊಡಕಿಗೆ ಇನ್ನೊಂದು ಸುತ್ತು ಕೂಡುತ್ತದೆ. ರೋಗಿ ಕನ್ನಡದಲ್ಲಿಯೋ ತುಳು, ಕೊಂಕಣಿ, ಉರ್ದು, ಲಂಬಾಣಿಗಳಲ್ಲಿಯೋ ಮಾತಾಡುತ್ತಾನೆ. ದಾದಿ ಎಷ್ಟೋ ವೇಳೆ ಮಲಯಾಳದ ಮನೆಮಾತಿನವಳು. ದಾಖಲೆ ಸಾಮಾನ್ಯವಾಗಿ ಇಂಗ್ಲಿಷಿನದು. ಅರ್ಧ ಗಂಟೆಗೊಮ್ಮೆ ಆಕೆ ಮಾಡುವುದು ಒಂದು ಭಾಷಾಂತರವೇ ಸರಿ. ಅದನ್ನು ಯಾರೂ ಭಾಷಾಂತರವೆಂದು ಎಣಿಸುವುದಿಲ್ಲವಾದುದರಿಂದ ಅದರ ದೋಷಗಳನ್ನು ಯಾರೂ ಹುಡುಕುವುದೂ ಇಲ್ಲ. ಮಾತಿನ ಮೇಲಿನ ಮೆಟ್ಟಿಲಿಗೆ ರೋಗಿ ತನ್ನ ಹೆಸರು, ಇರುವ ಸ್ಥಳ, ಕಾಲ ಇವನ್ನು ಸರಿಯಾಗಿ ಹೇಳಬೇಕು. “ಇದು ಯಾವ ತಿಂಗಳು?” ಎಂದರೆ ಹಳ್ಳಿಯ ಮುದುಕನೊಬ್ಬ “ಆರಿದ್ರೆ ಮಳೆ ನಡೀತಾ ಐತಲ್ಲವ್ವ” ಎನ್ನಬಹುದು. ಜೂನ್ ತಿಂಗಳೆಂಬ ಉತ್ತರಕ್ಕಿಂತ ಇದು ನಿಖರವಾದುದು. ಜೂನ್ ಕೊನೆಯಿಂದ ಜುಲೈ ಮೊದಲವರೆಗಿನ ಸುಮಾರು ಎರಡು ವಾರಗಳನ್ನು ಅದು ಬೊಟ್ಟಿಟ್ಟು ತೋರಿಸುತ್ತದೆ. ಮಳೆನಕ್ಷತ್ರಗಳನ್ನರಿಯದ ಕಿವಿಗೆ ಅದು ಗೊಂದಲದ ಮಾತು. ೫ ಆಗಬೇಕಾದುದು ೪ ಆಗುತ್ತದೆ. ಮುಂದಿನ ಪಾಳಿಯ ಕನ್ನಡದ ದಾದಿ ಅದನ್ನೇ ಕೇಳಿ ೫ ಬರೆದರೆ, ಬದಲಾಗದ ರೋಗಿ ಕಾಗದದ ಮೇಲೆ ಚೇತರಿಸಿಕೊಂಡಂತಾಯಿತು. ಇದಕ್ಕಿಂತ ಭಯಂಕರವಾದುದು ಇದರ ವಿಪರೀತ: ತಲೆಯೋಡಿನೊಳಗೆ ನಿಧಾನವಾಗಿ ರಕ್ತ ಕಟ್ಟುತ್ತ ರೋಗಿ ನಿಜವಾಗಿಯೂ ಗೊಂದಲಕ್ಕಿಳಿದಾಗ, “ಭಾಷೆ ತಿಳಿಯದವನು” ಎಂದು ಅದನ್ನು ಕಡೆಗಣಿಸುವುದು.

‘ಎಚ್ಚರ’, ‘ಪ್ರಜ್ಞೆ’, ‘ಜ್ಞಾನ’ ಎಂಬ ಶಬ್ದಗಳನ್ನೂ ಇಲ್ಲಿ ವಿವೇಚಿಸಬೇಕು. ಬಂಧುಗಳು “ಜ್ಞಾನ ತಪ್ಪಿದೆ” ಎಂದಾಗ ಕಣ್ಣು ಮುಚ್ಚಿದೆಯೆಂದು ಅರ್ಥವೋ, ಗುರುತು ಹಿಡಿಯುವುದಿಲ್ಲವೆಂದೋ? ಕಣ್ಣು ತೆರೆದಿದ್ದು ಯಾರನ್ನೂ ಅರಿಯದವನಿಗೆ ಎಚ್ಚರ ಉಂಟು, ಅರಿವಿಲ್ಲ. ಕನ್ನಡದಲ್ಲಿ ಈ ಭೇದಕ್ಕೆ ಬೇಕಾದ ಮಾತುಗಳು ಇವೆ. ದಾದಿಯರಿಗಾಗಿ ಕನ್ನಡದಲ್ಲಿ ಪಠ್ಯ ಬರೆಯುವವರು ಇವೆಲ್ಲವನ್ನೂ ‘ಪ್ರಜ್ಞೆ’ ಎಂಬ ಒಂದೇ ಚೀಲದಲ್ಲಿ ತುಂಬಿದರೆ, ಗ್ಲಾಸ್ಗೋದವರು ಬಿಡಿಸಿದ ಗಂಟು ಮತ್ತೆ ಬೀಳುತ್ತದೆ. ಆಜ್ಞೆಯ ಮಾತೂ ಹಾಗೆಯೇ. “ಕೈ ಹಿಡಿಯಿರಿ” ಎಂದಾಗ ಹಿಡಿದುದು ಕೇವಲ ಅಂಗೈಯ ಸಹಜಕ್ರಿಯೆಯಾಗಿರಬಹುದಾದುದರಿಂದ “ಬಿಡಿ” ಎಂದೂ ಹೇಳಿ ನೋಡಬೇಕು. ಬಿಟ್ಟರೆ ಮಾತು ತಲುಪಿತೆನ್ನಬಹುದು.

ಗಂಟಲಲ್ಲಿ ಕೊಳವೆಯಿರುವವನ ಮಾತಿಗೆ ೧ ಎಂದು ಹಾಕದೆ ‘ಪರೀಕ್ಷಿಸಲಾಗದು’ ಎಂದೇ ಬರೆಯಬೇಕೆಂದು ೨೦೧೪ರ ಪಾಠ ವಿಧಿಸಿತು. ಅಂಕ ಹಾಕುವ ಮೊದಲು ರೋಗಿಯ ಭಾಷೆ, ಕಿವುಡು ಮುಂತಾದ ಅಡ್ಡಿಗಳನ್ನು ವಿಚಾರಿಸಬೇಕೆಂಬ ಮಾತೂ ಅದರಲ್ಲಿಯೇ ಇದೆ. ಆದರೆ ಅದು ಪೀಠಿಕೆಯಲ್ಲಿದೆ, ತುಂಬತಕ್ಕ ಮನೆಗಳಲ್ಲಿಲ್ಲ. ಪೀಠಿಕೆಗಳ ಗತಿಯೇನೆಂಬುದು ಗ್ರಂಥಸಂಪಾದಕರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಕನ್ನಡನಾಡಿನಲ್ಲಿ ಬಳಸುವ ಪ್ರತಿಯಲ್ಲಿ ಮಾತಿನ ಅಂಕದ ಪಕ್ಕಕ್ಕೆ ಎರಡು ಮನೆಗಳನ್ನು ಕೂಡಿಸಿದರೆ ಸಾಕಾಗುವಂತಿದೆ: ಒಂದರಲ್ಲಿ ಯಾವ ಭಾಷೆಯಲ್ಲಿ ಕೇಳಿತು, ಅರ್ಥ ಹೇಳಿದವರಾರು ಎಂಬುದು, ಮತ್ತೊಂದರಲ್ಲಿ ರೋಗಿ ಆಡಿದ ಮಾತು ಆಡಿದ ಹಾಗೆಯೇ, ಕನ್ನಡ ಲಿಪಿಯಲ್ಲಿ. ಆಗ “ಆರಿದ್ರೆ ಮಳೆ” ಎಂಬುದನ್ನು ಬೆಳಗಿನ ಪಾಳಿಯವರು ತಾವೇ ಓದಿ, ಅಂಕವನ್ನು ತಿದ್ದಬಲ್ಲರು.