ಶಾಲೆಯ ಕಪಾಟು, ಗಣಕ ಕೊಠಡಿ: ಬೀಗದ ಕೈ ಯಾರ ಬಳಿ?

ಓದುಗರೇ, ನಿಮ್ಮ ಊರಿನ ಸರ್ಕಾರಿ ಪ್ರೌಢಶಾಲೆಗೆ ಮುಂದಿನ ಕೆಲವು ವರ್ಷಗಳಲ್ಲಿ ಒಂದು ಅಟಲ್ ಟಿಂಕರಿಂಗ್ ಪ್ರಯೋಗಾಲಯ ಬರುವ ಸಾಧ್ಯತೆ ಇದೆ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಮುಂಗಡಪತ್ರ ಘೋಷಿಸಿತು. ಮಕ್ಕಳು ಕೈಯಾರೆ ಮಾಡಿ ಕಲಿಯಬೇಕೆಂಬ ಉದ್ದೇಶಕ್ಕೆ ಭೌತವಿಜ್ಞಾನ ಕಲಿಸುವ ಯಾರೂ ಆಕ್ಷೇಪ ಎತ್ತಲಾರರು. ನನ್ನ ತಕರಾರು ಬೇರೆ. 2016ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ನಿಗದಿಯಾಯಿತು: ಸ್ಥಾಪನೆಗೆ 10 ಲಕ್ಷ, ಐದು ವರ್ಷಗಳ ನಿರ್ವಹಣೆಗೆ 10 ಲಕ್ಷ. ಅಂದರೆ ನಿರ್ವಹಣೆಗೆ ವರ್ಷಕ್ಕೆ 2 ಲಕ್ಷ. ಕಾಯಂ ಶಿಕ್ಷಕರೊಬ್ಬರ ವೇತನಕ್ಕೆ ಇದು ಸಾಲದು. ಸಾಲಬೇಕೆಂಬ ಉದ್ದೇಶವೂ ಇರಲಿಲ್ಲ, ಏಕೆಂದರೆ ಹುದ್ದೆಯನ್ನೇ ಸೃಷ್ಟಿಸಲಿಲ್ಲ. ಇರುವ ಶಿಕ್ಷಕರಲ್ಲಿ ಒಬ್ಬರು ಹೊಣೆ ಹೊರಬೇಕು. ಹೊರಗಿನ ಸ್ವಯಂಸೇವಕ ಮಾರ್ಗದರ್ಶಕರು ಬಿಡುವಾದಾಗ ಬಂದು ನೆರವಾಗಬೇಕು.

ಆ ಒಬ್ಬರು ಯಾರೆಂದು ನೀವು ಊಹಿಸಬಲ್ಲಿರಿ. ಸಾಮಾನ್ಯವಾಗಿ ಪಿ.ಸಿ.ಎಂ. ಶಿಕ್ಷಕರು. ಭೌತ, ರಸಾಯನ, ಗಣಿತ ಮೂರನ್ನೂ ಕಲಿಸುವ ಅವರ ಹೆಗಲಿಗೇ ಗಣಕ ಕೊಠಡಿ, ಮಕ್ಕಳ ವಿವರಗಳ ಆನ್‌ಲೈನ್ ದಾಖಲಾತಿ, ಕೆಲವೆಡೆ ಗ್ರಂಥಾಲಯದ ಕಪಾಟು ಕೂಡ ಬೀಳುತ್ತವೆ.

ಉಪಕರಣವೆಂದರೆ ಕೊಂಡ ದಿನ ಹೇಗಿತ್ತೋ ಹಾಗೆಯೇ ಇರುವ ವಸ್ತುವಲ್ಲ. ಗಣಕ ಕೊಠಡಿಯ ಯುಪಿಎಸ್‌ನಲ್ಲಿರುವ ಸೀಸ-ಆಮ್ಲ ಬ್ಯಾಟರಿಯನ್ನೇ ನೋಡಿ. ಏಪ್ರಿಲ್-ಮೇ ರಜೆಯಲ್ಲಿ ಅದನ್ನು ಚಾರ್ಜ್ ಮಾಡದೆ ಬಿಟ್ಟರೆ ತಾನಾಗಿಯೇ ಬರಿದಾಗುತ್ತ ಹೋಗುತ್ತದೆ. ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಹೀಗೆ ಗಟ್ಟಿಯಾದ ಹರಳು ಮತ್ತೆ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ, ಬ್ಯಾಟರಿಯ ಧಾರಣಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ತ್ರಿಆಯಾಮ ಮುದ್ರಕದ ಪ್ಲಾಸ್ಟಿಕ್ ಎಳೆ ಮಳೆಗಾಲದ ತೇವ ಹೀರಿದರೆ ಮುದ್ರಣ ಕೆಡುತ್ತದೆ, ಮೂತಿ ಕಟ್ಟಿಕೊಳ್ಳುತ್ತದೆ. ಇವೆಲ್ಲ ದುರಸ್ತಿಗೆ ಮೀರಿದ ಸಮಸ್ಯೆಗಳಲ್ಲ. ವಾರಕ್ಕೆ ಒಂದೆರಡು ಗಂಟೆ ಗಮನ ಕೊಡುವ ಒಬ್ಬರಿದ್ದರೆ ಉದ್ಭವಿಸುವುದೇ ಇಲ್ಲ. ಕಾಲೇಜಿನ ಪ್ರಯೋಗಾಲಯಕ್ಕೆ ಸಹಾಯಕರು ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಶಾಲೆಯ ಮಾತು ಬಂದಾಗ ಮಾತ್ರ ಈ ತಿಳಿವಳಿಕೆ ಮಾಯವಾಗುತ್ತದೆ.

ಇದು ಹೊಸ ರೋಗವೇನೂ ಅಲ್ಲ. 1984-85ರಲ್ಲಿ 'ಕ್ಲಾಸ್' ಯೋಜನೆಯಡಿ ಬಿಬಿಸಿ ಮೈಕ್ರೋ ಗಣಕಗಳು ಶಾಲೆಗಳಿಗೆ ಬಂದ ಕಾಲದಿಂದಲೂ ಯಂತ್ರ ಮೊದಲು, ಮನುಷ್ಯ ಆಮೇಲೆ ಎಂಬ ಕ್ರಮವೇ ನಡೆದುಬಂದಿದೆ. ಡಿಸೆಂಬರ್ 2004ರಲ್ಲಿ ಆರಂಭವಾದ ಐ.ಸಿ.ಟಿ. ಯೋಜನೆಯಲ್ಲಿ ನಮ್ಮ ರಾಜ್ಯವೂ ಸೇರಿ ಹಲವು ರಾಜ್ಯಗಳು 'ಬೂಟ್' ಮಾದರಿಯನ್ನು ಹಿಡಿದವು. ಗಣಕಗಳನ್ನೂ ಬೋಧಕರನ್ನೂ ಖಾಸಗಿ ಸಂಸ್ಥೆಯೇ ಒದಗಿಸುವುದು, ಗುತ್ತಿಗೆ ಮುಗಿದ ಮೇಲೆ ಯಂತ್ರಗಳನ್ನು ಶಾಲೆಗೆ ಒಪ್ಪಿಸುವುದು ಇದರ ಸ್ವರೂಪ. ಗುತ್ತಿಗೆಯ ಜೊತೆಗೇ ಬೋಧಕರೂ ಹೊರಟುಹೋಗುತ್ತಾರೆ. ಶಾಲೆಗೆ ದಕ್ಕುವುದು ಹಳೆಯ ಯಂತ್ರಗಳು ಮಾತ್ರ. 2010ರ ಪರಿಷ್ಕರಣೆಯಲ್ಲಿ ಪ್ರತಿ ಶಾಲೆಗೆ ಈ ವಿಷಯಕ್ಕೆಂದೇ ಒಬ್ಬ ಶಿಕ್ಷಕರಿರಬೇಕೆಂದು ಸೇರಿಸಿದರು. ತಪ್ಪು ಎಲ್ಲಿದೆ ಎಂಬುದು ದೆಹಲಿಗೆ ತಿಳಿಯದೇ ಇರಲಿಲ್ಲ ಎಂದಾಯಿತು.

ಗ್ರಂಥಾಲಯದ ಕಥೆ ಇನ್ನೂ ವಿಚಿತ್ರ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಪ್ರತಿ ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳೂ ಸೇರಿದ ಗ್ರಂಥಾಲಯ ಇರಬೇಕು. ಅದೇ ಅನುಸೂಚಿ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಇವಕ್ಕೆ ಅರೆಕಾಲಿಕ ಬೋಧಕರನ್ನು ಕಡ್ಡಾಯಗೊಳಿಸುತ್ತದೆ. ಗ್ರಂಥಪಾಲಕರ ಹೆಸರೇ ಅದರಲ್ಲಿಲ್ಲ! 2021-22ರ ಯುಡೈಸ್ ವರದಿಯ ಪ್ರಕಾರ ದೇಶದ ಶೇ. 87.3 ಶಾಲೆಗಳಲ್ಲಿ ಗ್ರಂಥಾಲಯವಿತ್ತು. ಸಂತೋಷಪಡುವ ಮುನ್ನ ಗಮನಿಸಿ: ಓದುವ ಮೂಲೆ, ಪುಸ್ತಕ ಭಂಡಾರ ಇವೂ ಈ ಲೆಕ್ಕದಲ್ಲಿ ಸೇರಿವೆ. ಪುಸ್ತಕ ಇದೆಯೇ ಎಂಬುದನ್ನು ಅಳೆದು ಓದು ನಡೆದಿದೆ ಎಂದು ತಿಳಿಯುವುದು, ಕೋಣೆಯಲ್ಲಿ ತಾಪಮಾಪಕ ಇದೆಯೆಂದು ತಾಪ ಗೊತ್ತಾಯಿತು ಎಂದಂತೆ.

ಶಿಕ್ಷಕರು ಕಪಾಟಿಗೆ ಬೀಗ ಹಾಕುವುದೇಕೆ? ಅವರಿಗೆ ಆಸಕ್ತಿಯಿಲ್ಲ ಎಂದು ದೂರುವುದು ಸುಲಭ. ನಿಜವಾದ ಕಾರಣ ದಾಸ್ತಾನು ವಹಿಯಲ್ಲಿದೆ. ಪುಸ್ತಕ ಅವರ ಹೆಸರಿನಲ್ಲಿರುತ್ತದೆ. ವರ್ಗಾವಣೆಯ ದಿನ ಎಣಿಸಿ ಒಪ್ಪಿಸಬೇಕು. ಕೊರತೆ ಬಿದ್ದರೆ ಕೈಯಿಂದ ಕಟ್ಟಬೇಕಾದೀತೆಂಬ ಭಯ. ಮಕ್ಕಳ ಕೈಗೆ ಪುಸ್ತಕ ಕೊಟ್ಟವರಿಗೆ ನಷ್ಟ, ಬೀಗ ಹಾಕಿಟ್ಟವರಿಗೆ ಕ್ಷೇಮ ಎನ್ನುವ ವ್ಯವಸ್ಥೆಯಲ್ಲಿ ಬೀಗವೇ ಗೆಲ್ಲುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಹೆಚ್ಚು ವಿವೇಕದಿಂದ ನಡೆದುಕೊಂಡಿವೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋಗುವುದು ಸಹಜ ಎಂದು ಅವು ಒಪ್ಪುತ್ತವೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. ಈ ಒಂದು ವಾಕ್ಯ ರಾಜ್ಯದ ಪ್ರತಿ ಶಾಲೆಯ ದಾಸ್ತಾನು ವಹಿಯ ಮೊದಲ ಪುಟದಲ್ಲಿ ಅಚ್ಚಾಗಬೇಕು. ಖರ್ಚೂ ಇಲ್ಲ.

ಆದರೆ ನಿಯಮ ಸಡಿಲಿಸಿದರೆ ಮಾತ್ರ ಸಾಲದು. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇದೆ. ಅದೇ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಮಗುವಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಹಣವಿಲ್ಲ ಎಂಬುದೊಂದೇ ಉತ್ತರ. ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಮೊದಲು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅಂಥ ಊರಿರುವ ರಾಜ್ಯ ನಮ್ಮದು.

ನೆರೆಯ ಕೇರಳ 2001ರಿಂದ ಐ.ಟಿ. ಅಟ್ ಸ್ಕೂಲ್ ಯೋಜನೆಯಲ್ಲಿ ಬೇರೆ ದಾರಿ ಹಿಡಿಯಿತು. ಹೊರಗುತ್ತಿಗೆಯ ಬದಲು ಶಾಲಾ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಸಿತು, ಮುಕ್ತ ತಂತ್ರಾಂಶ ಬಳಸಿತು, ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರನ್ನು ಸಂಯೋಜಕರನ್ನಾಗಿ ಮಾಡಿತು. ಕಲಿತ ಜ್ಞಾನ ಶಾಲೆಯಲ್ಲೇ ಉಳಿಯಿತು. ಅಲ್ಲಿಯೂ ಸಂಯೋಜಕರಿಗೆ ಪಾಠದ ಹೊರೆ ಇದ್ದೇ ಇದೆ, ಆದ್ದರಿಂದ ಅದನ್ನು ಪೂರ್ಣ ಪರಿಹಾರವೆಂದು ನಾನು ಹೇಳಲಾರೆ. ಗ್ರಂಥಾಲಯ, ಗಣಕ ಕೊಠಡಿ, ಟಿಂಕರಿಂಗ್ ಪ್ರಯೋಗಾಲಯ ಮೂರಕ್ಕೂ ಸೇರಿ ಪ್ರೌಢಶಾಲೆಗೆ ಒಂದೇ ಒಂದು ಕಾಯಂ ಹುದ್ದೆ ಕೊಡುವುದು ಸಾಧ್ಯ. ಚಿಕ್ಕ ಶಾಲೆಗಳಾದರೆ ಎರಡು-ಮೂರಕ್ಕೆ ಒಬ್ಬರು. ಮೂರೂ ಬೇರೆ ಬೇರೆ ಪರಿಣತಿ ಎಂದು ಗ್ರಂಥಾಲಯ ವಿಜ್ಞಾನದ ಮಿತ್ರರು ಆಕ್ಷೇಪಿಸಬಹುದು. ಸರಿಯೇ. ಶೂನ್ಯಕ್ಕಿಂತ ಒಂದು ದೊಡ್ಡದು ಎಂಬುದಷ್ಟೇ ನನ್ನ ಲೆಕ್ಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಕಷ್ಟು ಗ್ರಂಥಾಲಯ ಸಿಬ್ಬಂದಿ ಬೇಕೆಂದು ಬರೆದಿದೆ. ನೇಮಕಾತಿ ಆದೇಶ ನೀತಿಯ ಭಾಷೆಯಲ್ಲಿ ಹೊರಡುವುದಿಲ್ಲ, ಮುಂಗಡಪತ್ರದ ವೇತನ ಶೀರ್ಷಿಕೆಯಿಂದ ಹೊರಡುತ್ತದೆ.

ನಿಮ್ಮ ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನೀವಿದ್ದರೆ, ಮುಂದಿನ ಸಭೆಯಲ್ಲಿ ಪುಸ್ತಕಗಳ ಸಂಖ್ಯೆ ಕೇಳಬೇಡಿ. ಪುಸ್ತಕ ವಿತರಣಾ ವಹಿಯಲ್ಲಿ ಕೊನೆಯ ನಮೂದು ಯಾವ ತಾರೀಖಿನದು, ಗಣಕ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ, ಅವರು ವಾರಕ್ಕೆ ಎಷ್ಟು ಪೀರಿಯಡ್ ಪಾಠ ಮಾಡುತ್ತಾರೆ ಎಂದು ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ.